ಹೊಸ ಗಾಡಿ ಎಷ್ಟು ಜೋರು ಓಡಿಸಬೇಕು? ಕಾಕಾನ ನಲವತ್ತು, ಅಣ್ಣನ ಆರು ಸಾವಿರ

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ)

ಬೀದರ್‌ನ ಗಾಂಧಿ ಗಂಜಿನಿಂದ ಮಾತಾಡ್ತಿದ್ದೀನಿ. ಹಿಂದೆ ಲಾರಿ ಸದ್ದು ಕೇಳಿಸಿದ್ರೆ ಬೇಜಾರು ಮಾಡ್ಕೋಬೇಡಿ. ಸೋಯಾ ಸೀಸನ್ ನಡೀತಿದೆ, ರಾತ್ರಿಯಾದ್ರೂ ಹಮಾಲರು ಚೀಲ ಇಳಿಸ್ತಾನೇ ಇದ್ದಾರೆ. ಇವತ್ತಿನ ಕಂತು ಒಂದು ಹೊಸ ಕಾರಿನ ಬಗ್ಗೆ. ಆದ್ರೆ ನಡುವೆ ಲಾರಿಯೂ ಬರುತ್ತೆ, ಮೈಸೂರಿನ ಬೈಕೂ ಬರುತ್ತೆ.

ವಿಷಯ ಏನಪ್ಪಾ ಅಂದ್ರೆ, ದಸರಾಕ್ಕೆ ನಮ್ಮ ಕಾಕಾನ ಮಗ, ಅಂದ್ರೆ ನನಗೆ ಅಣ್ಣ, ಟರ್ಬೊ ಪೆಟ್ರೋಲ್ ಇಂಜಿನ್ನಿನ ಕಾರು ತಂದ. ಪೂಜೆ ಆಯ್ತು, ನಾಲ್ಕೂ ಟೈರ್ ಕೆಳಗೆ ನಿಂಬೆಹಣ್ಣು ಇಟ್ಟಿದ್ದಾಯ್ತು. ಹಣ್ಣು ಒಡೆದ ಮರುಗಳಿಗೆಯಲ್ಲೇ ಮನೆಯಲ್ಲಿ ಜಗಳ ಶುರು.

ಕಾಕಾ ಅಂದ್ರು: "ಏ ತಮ್ಮಾ, ಗಾಡಿ ಹೊಸಾದು ಅದ. ಎರಡು ಸಾವಿರ ಕಿಲೋಮೀಟರ್ ತನಕ ನಲವತ್ತರ ಮ್ಯಾಗ ಹೋಗಬ್ಯಾಡ."

ಅಣ್ಣ ಫೋನ್ ತೆಗೆದು ಒಂದು ವಿಡಿಯೊ ತೋರಿಸಿದ: "ಅಪ್ಪಾ, ಅದು ನಿಮ್ಮ ಕಾಲದ ಮಾತು. ಮೊದಲನೇ ದಿನದಿಂದನೇ ಆರು ಸಾವಿರ ಆರ್‌ಪಿಎಂ ತನಕ ಎಳೀಬೇಕು. ಇಲ್ಲಾಂದ್ರ ರಿಂಗ್ ಸರಿ ಕೂಡಂಗಿಲ್ಲ."

ಅಣ್ಣನ ತಲೆ ಮೇಲೆ ಏಳು ವರ್ಷದ ಇಎಂಐ ಇದೆ. ಹಾಗಾಗಿ ಇದು ಬರೀ ಮಾತಿನ ಜಗಳ ಅಲ್ಲ. ಇಂಜಿನ್ ಕೆಟ್ರೂ ಕಂತು ನಿಲ್ಲಲ್ಲ. ನಾನು ಬಿ.ಕಾಂ. ಓದಿದವನು, ಮೆಕ್ಯಾನಿಕ್ ಅಲ್ಲ. ಆದ್ರೂ ಮನೆಯಲ್ಲಿ ಮೈಕ್ ಇರೋದು ನನ್ನ ಹತ್ತಿರ ಮಾತ್ರ ಅಂತ ಇಬ್ಬರೂ ನನ್ನನ್ನೇ ಪಂಚರ ಕಟ್ಟೆ ಮೇಲೆ ಕೂರಿಸಿದ್ರು. ಒಂದು ವಾರ ಹುಡುಕಾಡಿದೆ. ಸಿಕ್ಕಿದ್ದನ್ನ ಹೇಳ್ತೀನಿ, ಕೇಳಿ.

ಕಾಕಾನ ಮೊಣಕೈ

ಕಾಕಾನ ಬಲಗೈ ಮೊಣಕೈ ಮೇಲೆ ಒಂದು ಉದ್ದ ಗಾಯದ ಗುರುತಿದೆ. ನಮ್ಮ ಮನೆ ಮಕ್ಕಳಿಗೆಲ್ಲ ಅದರ ಕಥೆ ಬಾಯಿಪಾಠ.

1987ರ ಜನವರಿ. ಉದ್ದು ಮಾರಿದ ದುಡ್ಡು ಸ್ವಲ್ಪ, ಅಡತಿ ಸಾಹುಕಾರರ ಹತ್ತಿರ ಬಡ್ಡಿಗೆ ತಂದ ದುಡ್ಡು ಜಾಸ್ತಿ, ಎರಡೂ ಸೇರಿಸಿ ಕಾಕಾ ಒಂದು ಹೊಸ ಟೂ-ಸ್ಟ್ರೋಕ್ ಬೈಕ್ ತಗೊಂಡ್ರು. ಯಾವ ಕಂಪನಿ ಅನ್ನೋದು ಬೇಡ, "ತಪ್ಪು ಗಾಡೀದಲ್ಲ, ನಂದು" ಅಂತ ಕಾಕಾನೇ ಹೇಳ್ತಾರೆ. ಗಾಡಿ ಮನೆಗೆ ಬಂದ ನಾಲ್ಕನೇ ದಿನ ಬೆಳಿಗ್ಗೆ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಹೊರಟ್ರು. ಹಿಂದೆ ಕೂತಿದ್ದವರು ನಮ್ಮಪ್ಪ. ಹುಮನಾಬಾದ್ ರಸ್ತೆಯಲ್ಲಿ ನೇರ ದಾರಿ ಸಿಕ್ತು, ಕಾಕಾ ಆಕ್ಸಿಲರೇಟರ್ ಪೂರ್ತಿ ತಿರುವಿದ್ರು. ಸ್ವಲ್ಪ ಹೊತ್ತಿಗೆ ಇಂಜಿನ್ ಗಕ್ಕನೆ ಹಿಡ್ಕೊಂಡುಬಿಡ್ತು. ಹಿಂದಿನ ಚಕ್ರ ಲಾಕ್ ಆಗಿ ಬೈಕು ಅಡ್ಡಡ್ಡ ಜಾರಿ ಇಬ್ಬರೂ ರಸ್ತೆ ಪಕ್ಕ ಬಿದ್ರು. ಅಪ್ಪನಿಗೆ ಏನೂ ಆಗಲಿಲ್ಲ. ಕಾಕಾನ ಮೊಣಕೈ ಕಿತ್ತು ಬಂತು. ಇಂಜಿನ್ ಬಿಚ್ಚಿ ರೀಬೋರ್ ಮಾಡಿಸಬೇಕಾಯ್ತು. ಓಡಿದ್ದು ಪೂರ್ತಿ 400 ಕಿಲೋಮೀಟರ್ ಕೂಡ ಅಲ್ಲ.

ಬೈಕು ಮೂಲೆಯಲ್ಲಿ ಬಿಚ್ಚಿಟ್ಟಿತ್ತು, ಸಾಹುಕಾರರ ಬಡ್ಡಿ ಮಾತ್ರ ಓಡ್ತಾ ಇತ್ತು. ಅವತ್ತಿನಿಂದ ಕಾಕಾನ ಬಾಯಲ್ಲಿ ನಲವತ್ತು ಅನ್ನೋ ಅಂಕಿ ಕೂತುಬಿಟ್ಟಿದೆ. ಊರಲ್ಲಿ ಯಾರು ಹೊಸ ಗಾಡಿ ತಂದ್ರೂ ಕರೆದು ಹೇಳ್ತಾರೆ.

ಈ ಕಥೆ ನೆನಪಿಟ್ಟುಕೊಳ್ಳಿ. ಇದರಲ್ಲಿ ಒಂದು ವಿವರ ಬಿಟ್ಟುಹೋಗಿದೆ. ಅದು ನನಗೂ ಈ ವಾರವೇ ಗೊತ್ತಾಗಿದ್ದು. ಕೊನೆಯಲ್ಲಿ ಹೇಳ್ತೀನಿ.

ಮೈಸೂರು ಕಲಿಸಿದ ಪಾಠ

ಹೊಸ ಗಾಡಿಯನ್ನ ಪಳಗಿಸೋದಕ್ಕೆ ನಮ್ಮ ಕಡೆ ಎಲ್ಲರೂ ಅನ್ನೋದು "ರನ್ನಿಂಗ್ ಇನ್". ಕರ್ನಾಟಕದಲ್ಲಿ ಈ ಮಾತು ಮನೆಮನೆಗೆ ಬಂದದ್ದರಲ್ಲಿ ಮೈಸೂರಿನ ಪಾಲು ದೊಡ್ಡದು.

ಜೆಕ್ ದೇಶದಲ್ಲಿ ಜಾವಾ ಅನ್ನೋ ಬೈಕ್ ಕಂಪನಿ 1929ರಲ್ಲಿ ಶುರುವಾಯ್ತು. ಸ್ಥಾಪಕರು ಫ್ರಾಂಟಿಶೆಕ್ ಯಾನೆಚೆಕ್. ಜರ್ಮನಿಯ ವಾಂಡರರ್ ಕಂಪನಿಯ ಬೈಕಿನ ಹಕ್ಕು ಕೊಂಡು ಶುರು ಮಾಡಿದ್ರಿಂದ ಅವರ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ ಸೇರಿಸಿ ಜಾವಾ ಅಂತ ಇಟ್ರು. ಆ ಬೈಕನ್ನ ಭಾರತದಲ್ಲೇ ಮಾಡೋಕೆ ರುಸ್ತುಂ ಇರಾನಿ, ಫಾರೂಖ್ ಇರಾನಿ ಅವರು ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದ್ರು. 1961ರಲ್ಲಿ ಉತ್ಪಾದನೆ ಶುರು. ಜಾಗ ಯಾದವಗಿರಿ. ಕಾರ್ಖಾನೆಯ ಬೆನ್ನಿಗೆ ಜಯಚಾಮರಾಜೇಂದ್ರ ಒಡೆಯರ್ ಅವರ ಪ್ರೋತ್ಸಾಹ ಇತ್ತು. 1973ರಿಂದ ಬೈಕಿಗೆ ಯೆಜ್ಡಿ ಅಂತ ಹೊಸ ಹೆಸರು ಬಂತು. ಇರಾನಿನ ಯಜ್ದ್ ಊರಿನ ನೆನಪು ಅದು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದ್ರೆ ಆ 35 ವರ್ಷದಲ್ಲಿ ಕರ್ನಾಟಕದ ಎರಡು ತಲೆಮಾರು ಇಂಜಿನ್ ಅಂದ್ರೆ ಏನು ಅಂತ ಕಲಿತದ್ದು ಈ ಬೈಕ್ ಮೇಲೆ.

ಯಾಕೆ ಅಂದ್ರೆ ಅದು ಟೂ-ಸ್ಟ್ರೋಕ್. ಪೆಟ್ರೋಲ್ ಟ್ಯಾಂಕಿಗೇ ಅಳತೆ ಮಾಡಿ ಎಣ್ಣೆ ಸುರೀಬೇಕು. ಇಂಜಿನ್ ಒಳಗೆ ಪಿಸ್ಟನ್‌ಗೆ ಸಿಗೋ ಜಿಡ್ಡು ಅಷ್ಟೇ, ಆ ಪೆಟ್ರೋಲಿನ ಜೊತೆ ಬಂದದ್ದು. ಹೊಸ ಗಾಡಿಗೆ ಎಣ್ಣೆ ಸ್ವಲ್ಪ ಜಾಸ್ತಿ ಹಾಕೋದು ವಾಡಿಕೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ರೆ ಪೆಟ್ರೋಲ್ ನಿಲ್ಲುತ್ತೆ, ಅದರ ಜೊತೆ ಎಣ್ಣೆಯೂ ನಿಲ್ಲುತ್ತೆ, ಇಂಜಿನ್ ಮಾತ್ರ ಜೋರಾಗಿ ತಿರುಗ್ತಾ ಇರುತ್ತೆ. ಅದಕ್ಕೇ ಹಳೇ ಯೆಜ್ಡಿ ಸವಾರರು ಘಾಟಿ ಇಳಿಯುವಾಗ ನಡುನಡುವೆ ಒಂದು ಸಲ ಆಕ್ಸಿಲರೇಟರ್ ಕೊಡ್ತಿದ್ರು. ಎರಡು ಬೆರಳು ಯಾವಾಗ್ಲೂ ಕ್ಲಚ್ ಮೇಲೆ. ಇಂಜಿನ್ ಹಿಡ್ಕೊಂಡ್ರೆ ತಕ್ಷಣ ಕ್ಲಚ್ ಒತ್ತಿದವನು ಉಳೀತಾನೆ. ಮುಂದೆ ಯೆಜ್ಡಿಯಲ್ಲೇ ಆಯಿಲ್ ಕಿಂಗ್ ಅಂತ ಒಂದು ಮಾದರಿ ಬಂತು, ಅದರಲ್ಲಿ ಎಣ್ಣೆಗೆ ಬೇರೆ ಪಂಪು. ಟೂ-ಸ್ಟ್ರೋಕ್ ಸವಾರನ ದೊಡ್ಡ ಚಿಂತೆ ಯಾವುದು ಅನ್ನೋದು ಆ ಹೆಸರಿನಲ್ಲೇ ಇದೆ.

ಈ ಬೈಕುಗಳು ಬರೀ ಆಫೀಸಿಗೆ ಹೋಗಿ ಬರೋಕೆ ಇರಲಿಲ್ಲ. ರೇಸಿಗೂ ಹೋದವು, ರ‍್ಯಾಲಿಗೂ ಹೋದವು. 250 ಸಿಸಿಯ ರೋಡ್‌ಕಿಂಗ್ ಆ ಕಾಲದ ಹುಡುಗರಿಗೆ ಇವತ್ತಿನ ಟರ್ಬೊ ಕಾರು ಇದ್ದ ಹಾಗೆ. ಅಂಥ ಗಾಡಿ ಕೈಗೆ ಬಂದ ಮೇಲೆ ಮೊದಲ ತಿಂಗಳು ಕೈ ಕಟ್ಟಿಕೊಂಡು ಓಡಿಸೋದು ಎಷ್ಟು ಕಷ್ಟ, ಊಹೆ ಮಾಡ್ಕೊಳ್ಳಿ. ಇಂಗ್ಲೆಂಡಿನಲ್ಲಂತೂ ಹೊಸ ಕಾರಿನ ಹಿಂದಿನ ಗಾಜಿಗೆ "ರನ್ನಿಂಗ್ ಇನ್, ದಯವಿಟ್ಟು ಮುಂದೆ ಹೋಗಿ" ಅಂತ ಚೀಟಿ ಅಂಟಿಸಿಕೊಂಡು ಓಡಾಡ್ತಿದ್ರು.

ಉಳಿದ ಕೆಲಸ ಯಾರದ್ದು?

ಈಗ ಪ್ರಶ್ನೆ. ಕಾರ್ಖಾನೆಯಿಂದ ಹೊಸದಾಗಿ ಬಂದ ಇಂಜಿನ್ ಅಷ್ಟು ನಾಜೂಕು ಯಾಕೆ?

ಸಿಲಿಂಡರ್ ಒಳಗೋಡೆ ಕನ್ನಡಿ ಹಾಗೆ ನುಣುಪಾಗಿರುತ್ತೆ ಅಂದ್ಕೊಂಡಿದ್ದೆ ನಾನು. ಅಲ್ಲ. ಬೇಕು ಅಂತಲೇ ಅದರ ಮೇಲೆ ಅಡ್ಡಡ್ಡ ಸಣ್ಣ ಗೀರು ಎಳೆದಿರ್ತಾರೆ. ಅದಕ್ಕೆ ಹೋನಿಂಗ್ ಅಂತಾರೆ. ಗೀರಿನ ತಗ್ಗಿನಲ್ಲಿ ಎಣ್ಣೆ ನಿಲ್ಲುತ್ತೆ. ಗೀರಿನ ನಡುವಿನ ಚೂಪು ದಿಬ್ಬಗಳು ಪಿಸ್ಟನ್ ರಿಂಗಿಗೆ ತಿಕ್ಕಿ ಸವೆದು ಸಪಾಟಾಗಬೇಕು. ಆಗಲೇ ರಿಂಗು ಗೋಡೆಗೆ ಸರಿಯಾಗಿ ಕೂರೋದು. ನಮ್ಮ ಅಜ್ಜಿ ಹೊಸ ಬೀಸುಕಲ್ಲು ತಂದಾಗ ಮೊದಲು ಕಾಳು ಹಾಕಿ ಬೀಸಿ ಆ ಹಿಟ್ಟು ಚೆಲ್ತಿದ್ರಲ್ಲ, ಹಾಗೇ ಇದು. ಕಲ್ಲಿಗೆ ಕಲ್ಲು ಹೊಂದಿಕೊಳ್ಳಬೇಕು.

ಅಂದ್ರೆ ಇಂಜಿನ್ ಮಾಡೋ ಕೆಲಸದ ಕೊನೆಯ ಹಂತ ಕಾರ್ಖಾನೆಯಲ್ಲಿ ಮುಗೀತಿರಲಿಲ್ಲ. ರಸ್ತೆ ಮೇಲೆ ಗಿರಾಕಿಯೇ ಮುಗಿಸಬೇಕಿತ್ತು. ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಉತ್ಪಾದನೆಯ ಕೊನೆಯ ಖರ್ಚು ಗಿರಾಕಿಯ ಲೆಕ್ಕಕ್ಕೆ. ಆ ಖರ್ಚು ಅಂದ್ರೆ ಅವನ ತಾಳ್ಮೆ, ಅವನ ಎಣ್ಣೆ, ತಪ್ಪಿದ್ರೆ ಅವನ ಮೊಣಕೈ.

ಇದು ಎಲ್ಲ ಕಡೆ ಹೀಗೇ ಇರಲಿಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ನೋಡಿ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ ಶುರು ಮಾಡಿದ ಕಾರ್ಖಾನೆ. ಎರಡನೇ ಮಹಾಯುದ್ಧದಲ್ಲಿ ಅಲ್ಲಿ ಅಮೆರಿಕದ ವಾಯುಪಡೆಯ ವಿಮಾನಗಳು, ಇಂಜಿನ್‌ಗಳು ರಿಪೇರಿಗೆ ಬರ್ತಿದ್ವು. ಆಗಿನವು ಪಿಸ್ಟನ್ ಇಂಜಿನ್‌ಗಳು, ಅವಕ್ಕೂ ರಿಂಗು, ಬೋರು ಎಲ್ಲಾ ಇತ್ತು. ಆದ್ರೆ ಬಿಚ್ಚಿ ಜೋಡಿಸಿದ ವಿಮಾನದ ಇಂಜಿನ್ನನ್ನ ನೇರ ಆಕಾಶಕ್ಕೆ ಬಿಡಲ್ಲ. ನೆಲದ ಮೇಲೆ ಟೆಸ್ಟ್ ಸ್ಟ್ಯಾಂಡಿಗೆ ಕಟ್ಟಿ, ಹಂತಹಂತವಾಗಿ ಬಲ ಏರಿಸಿ, ಓಡಿಸಿ ನೋಡಿಯೇ ಕೊಡೋದು. ಅಲ್ಲಿ ರನ್ನಿಂಗ್ ಇನ್ ಖರ್ಚು ಕಾರ್ಖಾನೆಯದ್ದೇ, ಯಾಕಂದ್ರೆ ಹತ್ತು ಸಾವಿರ ಅಡಿ ಮೇಲೆ ಇಂಜಿನ್ ಹಿಡ್ಕೊಂಡ್ರೆ ಪಕ್ಕಕ್ಕೆ ನಿಲ್ಲಿಸೋಕೆ ಜಾಗ ಇಲ್ಲ. ನಮ್ಮೂರಿನ ವಾಯುನೆಲೆಯಿಂದ ಹಾರೋ ಹಾಕ್ ವಿಮಾನಗಳು ಜೆಟ್, ಅವಕ್ಕೆ ಪಿಸ್ಟನ್ನೇ ಇಲ್ಲ. ಆದ್ರೆ ಪರೀಕ್ಷೆ ಮಾಡದೆ ಇಂಜಿನ್ ಕೈಗೆ ಕೊಡಬಾರದು ಅನ್ನೋ ರೂಢಿ ಅಲ್ಲೂ ಅದೇ.

ಫೆರಾರಿಯಂಥ ಕಂಪನಿ ತನ್ನ ಇಂಜಿನ್‌ಗಳನ್ನ ಕಾರಿಗೆ ಕೂರಿಸೋ ಮುಂಚೆ ಬೆಂಚ್ ಮೇಲೆ ಓಡಿಸಿ ನೋಡುತ್ತೆ. ಸಾಮಾನ್ಯ ಬೈಕಿಗೆ ಅಷ್ಟು ಖರ್ಚು ಮಾಡಿದ್ರೆ ಯಾರೂ ಕೊಳ್ಳೋಕಾಗಲ್ಲ. ಹಾಗಾಗಿ ಆ ಕೆಲಸ ಕಾಕಾನ ಪಾಲಿಗೆ ಬಂತು.

ಗಂಜಿನ ಲಾರಿ, ಅತಿ ನಿಧಾನದ ಕಥೆ

ಇಲ್ಲಿವರೆಗೆ ಕಾಕಾನೇ ಗೆದ್ದ ಹಾಗೆ ಕಾಣುತ್ತೆ. ಆದ್ರೆ ಗಂಜಿನಲ್ಲಿ ಇನ್ನೊಂದು ಕಥೆ ಸಿಕ್ತು, ಹೇಳಿದವರು ಲಾರಿ ಬಿಟ್ಟು ಈಗ ಮನೆಯಲ್ಲಿರೋ ಒಬ್ಬ ಹಳೇ ಉಸ್ತಾದ್.

1954ರಲ್ಲಿ ಟಾಟಾ ಕಂಪನಿ ಜರ್ಮನಿಯ ಮರ್ಸಿಡಿಸ್ ಬೆಂಜ್ ಜೊತೆ 15 ವರ್ಷದ ಒಪ್ಪಂದ ಮಾಡ್ಕೊಂಡು ಲಾರಿ ಮಾಡೋಕೆ ಶುರು ಮಾಡಿತು. ತೊಗರಿ, ಕಡಲೆ, ಉದ್ದು ಹೊತ್ತು ಓಡಿದ ಆ ತಳಿಯ ಲಾರಿಗಳಿಗೆ ಸವೆದಾಗಲೆಲ್ಲ ಬೋರ್ ಮಾಡಿಸೋದು ಮಾಮೂಲು. ರೀಬೋರ್ ಆದ ಲಾರಿ ಮತ್ತೆ ಹೊಸ ಮದುಮಗ, ಮತ್ತೆ ರನ್ನಿಂಗ್ ಇನ್.

ಉಸ್ತಾದ್ ಹೇಳಿದ್ದು ಇಷ್ಟು: ಒಬ್ಬ ಮಾಲೀಕರು ಭಾರೀ ಹುಷಾರಿ. ಬೋರ್ ಆದ ಮೇಲೆ ಲೋಡ್ ಹಾಕಲೇ ಇಲ್ಲ. ದಿನಾ ಗಂಟೆಗಟ್ಟಲೆ ನಿಂತಲ್ಲೇ ಇಂಜಿನ್ ಚಾಲೂ ಇಟ್ರು, "ಪಾಪ, ಮೆಲ್ಲಕ ಸವೀಲಿ" ಅಂತ. ಎರಡು ತಿಂಗಳಾದ ಮೇಲೆ ಲಾರಿ ನೀಲಿ ಹೊಗೆ ಬಿಡೋಕೆ ಶುರು ಮಾಡಿತು, ಎಣ್ಣೆ ಕುಡಿಯೋಕೆ ಶುರು ಮಾಡಿತು. ಬಿಚ್ಚಿ ನೋಡಿದ್ರೆ ಬೋರ್ ಗಾಜಿನ ಹಾಗೆ ಹೊಳೀತಿದೆ. "ಹೊಳದ್ರ ಚಂದ ಅಲ್ಲೇನ್ರೀ ಉಸ್ತಾದ್" ಅಂತ ನಾನು ಕೇಳಿದ್ರೆ ಅವರು ನಕ್ಕು, "ಹೊಳದದ್ದೇ ಖರಾಬ್ ಆಗಿದ್ದು, ತಮ್ಮಾ" ಅಂದ್ರು.

ಅದಕ್ಕೆ ಕಾರಣ ಇದೆ. ಪಿಸ್ಟನ್ ರಿಂಗನ್ನ ಗೋಡೆಗೆ ಒತ್ತೋದು ಅದರ ಸ್ವಂತ ಬಲ ಮಾತ್ರ ಅಲ್ಲ. ಇಂಧನ ಉರಿದಾಗ ಹುಟ್ಟೋ ಒತ್ತಡ ರಿಂಗಿನ ಹಿಂದೆ ನುಗ್ಗಿ ಅದನ್ನ ಹೊರಗೆ ತಳ್ಳುತ್ತೆ. ಇಂಜಿನ್ ಮೇಲೆ ಕೆಲಸದ ಭಾರ ಇಲ್ಲದಿದ್ರೆ ಆ ಒತ್ತಡ ಇಲ್ಲ. ಒತ್ತಡ ಇಲ್ಲದಿದ್ರೆ ದಿಬ್ಬ ಸವೆಯೋ ಬದಲು, ಸುಟ್ಟ ಎಣ್ಣೆ ಗೀರಿನಲ್ಲಿ ತುಂಬಿಕೊಂಡು ಗೋಡೆ ನುಣ್ಣಗಾಗುತ್ತೆ. ಅದಕ್ಕೆ ಗ್ಲೇಜ್ ಅಂತಾರೆ. ಆಮೇಲೆ ಎಷ್ಟು ಓಡಿಸಿದ್ರೂ ರಿಂಗು ಕೂರಲ್ಲ.

ಅಲ್ಲಿಗೆ ಅಣ್ಣನ ವಿಡಿಯೊದಲ್ಲಿ ಅರ್ಧ ಸತ್ಯ ಇದೆ ಅಂತಾಯ್ತು. ಭಾರ ಬೇಕು. ಆದ್ರೆ ಭಾರ ಬೇರೆ, ಆರು ಸಾವಿರ ಆರ್‌ಪಿಎಂ ಬೇರೆ. ಮೂರನೇ ಗೇರಿನಲ್ಲಿ ಏರು ಹತ್ತೋವಾಗ 2,500ರಲ್ಲೂ ಇಂಜಿನ್ನಿಗೆ ಒಳ್ಳೆ ಭಾರ ಬೀಳುತ್ತೆ.

ಆಮೇಲೆ ಏನು ಬದಲಾಯ್ತು?

1980ರ ದಶಕದಲ್ಲಿ ನಮ್ಮ ರಸ್ತೆಗಳೇ ಬದಲಾದವು. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. 1985ರಲ್ಲಿ ಹೀರೊ ಹೋಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100. ಜಪಾನಿನ ತಂತ್ರಜ್ಞಾನದ ಜೊತೆ ಬಂದ ದೊಡ್ಡ ವ್ಯತ್ಯಾಸ ಕಣ್ಣಿಗೆ ಕಾಣದ್ದು: ಅಳತೆಯ ನಿಖರತೆ. ಒಂದು ಪಿಸ್ಟನ್ನಿಗೂ ಇನ್ನೊಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವೂ ಇರಬಾರದು ಅನ್ನೋ ಹಟ.

ಹೋನಿಂಗ್ ಕೂಡ ಬದಲಾಯ್ತು. ಮೊದಲು ಗೀರು ಎಳೀತಾರೆ, ಆಮೇಲೆ ಇನ್ನೊಂದು ನಯವಾದ ಕಲ್ಲಿನಿಂದ ದಿಬ್ಬಗಳ ತುದಿ ಮಾತ್ರ ಸವರಿ ಹಾಕ್ತಾರೆ. ಇದು ಪ್ಲೇಟೋ ಹೋನಿಂಗ್. ಕಾಕಾ ಎರಡು ಸಾವಿರ ಕಿಲೋಮೀಟರ್ ಓಡಿಸಿ ಮಾಡಬೇಕಿದ್ದ ಕೆಲಸದ ಬಹುಪಾಲು ಈಗ ಕಾರ್ಖಾನೆಯ ಯಂತ್ರವೇ ಮಾಡಿ ಕಳಿಸುತ್ತೆ. ಕೊನೆಯ ಖರ್ಚು ಗಿರಾಕಿಯ ಖಾತೆಯಿಂದ ಕಂಪನಿ ಖಾತೆಗೆ ವಾಪಸ್ ಹೋಯ್ತು ಅನ್ನಿ.

ಹಾಗಾದ್ರೆ ರನ್ನಿಂಗ್ ಇನ್ ಮುಗಿದ ಕಥೆಯಾ? ಅಲ್ಲ. ತಮಾಷೆ ಏನಂದ್ರೆ, ಗಾಡಿ ಎಷ್ಟು ಬಲಶಾಲಿಯೋ ಕಂಪನಿ ಅಷ್ಟು ಹೆಚ್ಚು ಎಚ್ಚರಿಕೆ ಕೊಡುತ್ತೆ. ನಿಸಾನ್ ಜಿಟಿ-ಆರ್ ಇಂಜಿನ್ ಒಂದೊಂದನ್ನೂ 2025ರ ತನಕ ಯೊಕೊಹಾಮಾದಲ್ಲಿ ಒಬ್ಬೊಬ್ಬ ನುರಿತ ಕೆಲಸಗಾರ ಕೈಯಾರೆ ಜೋಡಿಸ್ತಿದ್ದ. ಅದಕ್ಕೂ ಮೊದಲ 2,000 ಕಿ.ಮೀ. ಹಂತಹಂತವಾಗಿ ಓಡಿಸಬೇಕು ಅನ್ನೋ ನಿಯಮ ಇತ್ತು. ಬಿಎಂಡಬ್ಲ್ಯು ಎಂ ಕಾರುಗಳಿಗೆ 2,000 ಕಿ.ಮೀ. ತನಕ 5,500 ಆರ್‌ಪಿಎಂ ದಾಟಬೇಡಿ ಅಂತಾರೆ. ಅದಾದ ಮೇಲೆ ಇಂಜಿನ್ ಎಣ್ಣೆ ಮಾತ್ರ ಅಲ್ಲ, ಡಿಫರೆನ್ಷಿಯಲ್ ಎಣ್ಣೆಯೂ ಬದಲಾಯಿಸ್ತಾರೆ.

ಡಿಫರೆನ್ಷಿಯಲ್ ಅನ್ನೋದು ಗಮನಿಸಿ. ಹೊಂದಿಕೊಳ್ಳಬೇಕಾದ್ದು ಬರೀ ಪಿಸ್ಟನ್ ಅಲ್ಲ. ಗೇರಿನ ಹಲ್ಲಿಗೆ ಹಲ್ಲು ಹೊಂದಬೇಕು, ಆಗ ಉದುರೋ ಲೋಹದ ಪುಡಿ ಎಣ್ಣೆ ಜೊತೆ ಹೊರಗೆ ಹೋಗಬೇಕು. ಹೊಸ ಬ್ರೇಕ್ ಪ್ಯಾಡು ಡಿಸ್ಕಿಗೆ ಕೂರೋಕೆ ಮೊದಲ ಕೆಲವು ನೂರು ಕಿಲೋಮೀಟರ್ ಬೇಕು. ಹೊಸ ಟೈರಿನ ಮೇಲ್ಮೈ ನುಣುಪು ಹೋಗೋ ತನಕ ಹಿಡಿತ ಕಡಿಮೆ. ಅಣ್ಣ ಮೊದಲನೇ ದಿನ ಆರು ಸಾವಿರ ಎಳೆದಿದ್ರೆ ಇಂಜಿನ್ ತಡ್ಕೊಳ್ತಿತ್ತೇನೋ. ಆದ್ರೆ ಮುಂದೆ ಎಮ್ಮೆ ಅಡ್ಡ ಬಂದಿದ್ರೆ ಬ್ರೇಕು, ಟೈರು ಎರಡೂ ಇನ್ನೂ ಪಳಗಿರಲಿಲ್ಲ.

ನಮ್ಮಂಥವರು ಕೊಳ್ಳೋ ಕಾರಿನ ಮ್ಯಾನುಯಲ್ ಏನು ಹೇಳುತ್ತೆ? ಹ್ಯುಂಡೈ ಪುಸ್ತಕದಲ್ಲಿ ಇರೋದು: ಮೊದಲ 1,000 ಕಿ.ಮೀ. 2,000ದಿಂದ 4,000 ಆರ್‌ಪಿಎಂ ನಡುವೆ ಇರಿ, ಒಂದೇ ವೇಗದಲ್ಲಿ ತುಂಬಾ ಹೊತ್ತು ಹೋಗಬೇಡಿ, ಅದು ಜೋರಾಗಿರಲಿ ನಿಧಾನವಾಗಿರಲಿ. ಫೋಕ್ಸ್‌ವ್ಯಾಗನ್ ಹೇಳೋದು: 1,000 ಕಿ.ಮೀ. ತನಕ ಪೂರ್ತಿ ಆಕ್ಸಿಲರೇಟರ್ ಬೇಡ, ಗರಿಷ್ಠ ಆರ್‌ಪಿಎಂನ ಮೂರರಲ್ಲಿ ಎರಡು ಪಾಲು ದಾಟಬೇಡಿ. ಅಲ್ಲಿಂದ 1,500ರ ತನಕ ನಿಧಾನಕ್ಕೆ ಏರಿಸ್ತಾ ಹೋಗಿ.

"ನಿಧಾನವಾಗಿರಲಿ" ಅನ್ನೋ ಮಾತನ್ನ ಕಾಕಾಗೆ ಎರಡು ಸಲ ಓದಿ ಹೇಳಿದೆ. ಒಂದೇ ನಲವತ್ತರಲ್ಲಿ ಹುಮನಾಬಾದ್ ಮುಟ್ಟೋದು ಕೂಡ ಮ್ಯಾನುಯಲ್ ಪ್ರಕಾರ ತಪ್ಪು.

ನೌಬಾದ್

ಈಗ ಆ ಬಿಟ್ಟುಹೋದ ವಿವರ.

ಕಂತಿಗೆ ಅಂತ ಕಾಕಾನ ಮಾತು ರೆಕಾರ್ಡ್ ಮಾಡುವಾಗ ಸುಮ್ಮನೆ ಕೇಳಿದೆ, "ಕಾಕಾ, ಬೈಕು ಹಿಡ್ಕೊಂಡಿದ್ದು ಸರಿಯಾಗಿ ಎಲ್ಲಿ?" ಇಷ್ಟು ವರ್ಷ ನಾವೆಲ್ಲ ಹುಮನಾಬಾದ್ ಹತ್ತಿರ ಅಂದ್ಕೊಂಡಿದ್ವಿ.

ಕಾಕಾ ಅಂದ್ರು, "ನೌಬಾದ್ ದಾಟಿದ ಕೂಡ್ಲೇ. ಥಂಡಿ ಭಾಳ ಇತ್ತು, ಕೈ ಸೆಟದಿದ್ವು."

ಬೀದರ್ ಗೊತ್ತಿಲ್ಲದವರಿಗೆ ಹೇಳ್ತೀನಿ. ನೌಬಾದ್ ಅಂದ್ರೆ ಊರಂಚು. ಗಂಜಿನಿಂದ ಹೊರಟ್ರೆ ಕೆಲವೇ ನಿಮಿಷದ ದಾರಿ. ಜನವರಿ ಬೆಳಿಗ್ಗೆ, ಥಂಡಿ ಇಂಜಿನ್, ಇಬ್ಬರ ಭಾರ, ಪೂರ್ತಿ ಆಕ್ಸಿಲರೇಟರ್.

ಪಿಸ್ಟನ್ ಅಲ್ಯೂಮಿನಿಯಂ. ಹೊರಗಿನ ಸಿಲಿಂಡರ್ ಎರಕದ ಕಬ್ಬಿಣ. ಬಿಸಿಗೆ ಅಲ್ಯೂಮಿನಿಯಂ ಹಿಗ್ಗೋದು ಕಬ್ಬಿಣದ ಸುಮಾರು ಎರಡರಷ್ಟು. ಉರಿ ತಾಗೋ ಪಿಸ್ಟನ್ ಬೇಗ ಕಾಯುತ್ತೆ, ಗಾಳಿಗೆ ಒಡ್ಡಿದ ಸಿಲಿಂಡರ್ ನಿಧಾನಕ್ಕೆ ಕಾಯುತ್ತೆ. ನಡುವೆ ಇರೋ ಸಂದು ಹೊಸ ಇಂಜಿನ್‌ನಲ್ಲಿ ಮೊದಲೇ ಬಿಗಿ. ಒಳಗಿನದು ಹಿಗ್ಗಿತು, ಹೊರಗಿನದು ಇನ್ನೂ ಹಿಗ್ಗಿರಲಿಲ್ಲ. ಕಚ್ಚಿಕೊಂಡಿತು. ಇದಕ್ಕೆ ಮೆಕ್ಯಾನಿಕ್‌ಗಳು ಕೋಲ್ಡ್ ಸೀಜ್ ಅಂತಾರೆ.

ಕಾಕಾ ಅದೇ ವೇಗವನ್ನ ಹತ್ತು ನಿಮಿಷ ಮೆಲ್ಲಗೆ ಓಡಿಸಿ ಆಮೇಲೆ ಹೋಗಿದ್ರೆ, ಜಾತ್ರೆ ಮುಟ್ಟೋ ಸಾಧ್ಯತೆ ಬಹಳ ಇತ್ತು. ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಅವರು ಊರಿಗೆಲ್ಲ ವೇಗದ ಬಗ್ಗೆ ಹೇಳಿದ್ರು. ಹೇಳಬೇಕಿದ್ದದ್ದು ಬಿಸಿಯ ಬಗ್ಗೆ. ನಾನು ಇದನ್ನ ವಿವರಿಸಿದ ಮೇಲೆ ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೊಣಕೈ ಸವರಿಕೊಂಡು "ಅಂದ್ರ ನಾ ಎಲ್ಲಾರಿಗೂ ಅರ್ಧಾನೇ ಹೇಳೀನಿ" ಅಂದ್ರು.

ಅಣ್ಣನ ವಿಡಿಯೊದಲ್ಲೂ ಇದೇ ಕೊರತೆ. ಎಷ್ಟು ಆರ್‌ಪಿಎಂ ಅಂತ ಇದೆ, ಯಾವಾಗ ಅಂತ ಇಲ್ಲ. ಟರ್ಬೊ ಕಾರಿನಲ್ಲಿ ನೀರಿನ ಮುಳ್ಳು ಬೇಗ ನಡುವಿಗೆ ಬರುತ್ತೆ, ಆದ್ರೆ ಇಂಜಿನ್ ಎಣ್ಣೆ ಕಾಯೋಕೆ ಇನ್ನೂ ಹೊತ್ತು ಬೇಕು. ಮುಳ್ಳು ನೋಡಿ ಮೋಸ ಹೋಗಬಾರದು. ಜೋರಾಗಿ ಓಡಿಸಿ ಬಂದ ಮೇಲೆ ತಕ್ಷಣ ಆಫ್ ಮಾಡಬಾರದು. ಕೊನೆಯ ಒಂದೆರಡು ಕಿಲೋಮೀಟರ್ ಮೆಲ್ಲಗೆ ಬರಬೇಕು, ಇಲ್ಲಾ ಒಂದು ನಿಮಿಷ ಚಾಲೂ ಇಡಬೇಕು. ಇಲ್ಲದಿದ್ರೆ ಕಾದ ಟರ್ಬೊ ಒಳಗೆ ನಿಂತ ಎಣ್ಣೆ ಸುಟ್ಟು ಕರಿ ಕಟ್ಟುತ್ತೆ. ಈ ಎರಡು ಮಾತು ಮೊದಲ ಸಾವಿರ ಕಿಲೋಮೀಟರಿಗೆ ಮಾತ್ರ ಅಲ್ಲ, ಗಾಡಿ ಇರೋ ತನಕ.

ಕಾಮರ್ಸ್ ಹುಡುಗನಾಗಿ ನನ್ನದೊಂದು ಮಾತು ಸೇರಿಸ್ತೀನಿ. ವಾರಂಟಿ ಅನ್ನೋದು ಕರಾರು, ಅದರ ಷರತ್ತು ಇರೋದು ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಬಿದ್ದಿರೋ ಆ ದಪ್ಪ ಪುಸ್ತಕದಲ್ಲಿ. ವಿಡಿಯೊ ಮಾಡಿದವನು ನಿಮ್ಮ ಇಎಂಐ ಕಟ್ಟಲ್ಲ. ನಿಮ್ಮ ಕಾಕಾನೂ ಕಟ್ಟಲ್ಲ.

ಪಂಚಾಯ್ತಿ ತೀರ್ಪು ಹೀಗಾಯ್ತು. ಅಡತಿ ಅಂಗಡಿಯ ಪಟ್ಟಿ ಪುಸ್ತಕದ ಒಂದು ಹಾಳೆ ಹರಿದು ಬರೆದ್ವಿ. ಮೊದಲ 1,000 ಕಿ.ಮೀ. 4,000 ಆರ್‌ಪಿಎಂ ಒಳಗೆ, ವೇಗ ಏರಿಸ್ತಾ ಇಳಿಸ್ತಾ, ನಿಂತಲ್ಲೇ ಚಾಲೂ ಇಡೋದು ಬೇಡ. ಆಮೇಲೆ 1,500ರ ತನಕ ಸ್ವಲ್ಪ ಸ್ವಲ್ಪ ಜಾಸ್ತಿ. ಬೆಳಿಗ್ಗೆ ಹೊರಟ ಮೊದಲ ಹತ್ತು ನಿಮಿಷ ಕಾಕಾನ ಕಾನೂನು, ಅದಾದ ಮೇಲೆ ಅಣ್ಣನದು. ಕಾಕಾ ಈಗ ಭಾಲ್ಕಿಗೂ ಔರಾದಿಗೂ ಜೊತೆಗೆ ಹೋಗ್ತಾರೆ. ನೌಬಾದ್ ದಾಟೋ ತನಕ "ತಡಿ, ತಡಿ" ಅಂತಿರ್ತಾರೆ. ದಾಟಿದ ಮೇಲೆ "ಹೂಂ, ಈಗ ಬಿಡು" ಅಂತಾರೆ. ಇದನ್ನ ರೆಕಾರ್ಡ್ ಮಾಡೋ ಹೊತ್ತಿಗೆ ಮೀಟರ್ ತೋರಿಸ್ತಿರೋದು 1,140.

ನಿಮ್ಮ ಮನೆಯಲ್ಲೂ ಯೆಜ್ಡಿನೋ ಲ್ಯಾಂಬ್ರೆಟ್ಟಾನೋ ಲಾರಿನೋ ಓಡಿಸಿದವರು ಇದ್ರೆ, ಅವರನ್ನ ಕೂರಿಸಿ ಕೇಳಿ: ಗಾಡಿ ಯಾವತ್ತು ಕೈಕೊಟ್ಟಿತು, ಸರಿಯಾಗಿ ಎಲ್ಲಿ, ಆಗ ಥಂಡಿ ಇತ್ತಾ ಬಿಸಿಲಿತ್ತಾ? ಅವರ ಧ್ವನಿಯಲ್ಲೇ ರೆಕಾರ್ಡ್ ಮಾಡಿ ಕಳಿಸಿ, ಮುಂದೊಂದು ಕಂತಿನಲ್ಲಿ ಹಾಕ್ತೀನಿ.